ಸೊನ್ನೆಗೆ ಮರಳದ ಮುಳ್ಳು

ಜೂನ್ ಎರಡು. ಮಾಜಾಳಿಯ ಮರಳಲ್ಲಿ
ಮಗ್ಗುಲಾಗಿ ಒರಗಿದ ಒಂದು ದೋಣಿ.
ಕಡಲು ಕೆರಳುವ ಮುಂಚೆ ಅದನ್ನು
ಗಾಳಿಮರಗಳ ಸಾಲಿನಾಚೆ ಏರಿಸಬೇಕು.
ಹದಿನಾರು ಮಂದಿ ಇದ್ದರು. ಹದಿನೇಳನೆಯವಳು ನಾನು,
ಒಂಬತ್ತನೇ ಇಯತ್ತೆಗೆ 'ಬಲ ಮತ್ತು ಚಲನೆ' ಕಲಿಸುವವಳು,
ಚಪ್ಪಲಿ ಕೈಲಿ ಹಿಡಿದು
ಸುಮ್ಮನೆ ನೋಡಲು ಬಂದವಳು.

"ಅಕ್ಕೋರೆ, ನೋಡ್ತಾ ನಿಂತ್ರೆ ದೋಣಿ ಏರೂದಿಲ್ಲ"
ಅಂದಳು ರುಕ್ಮಾ ತಾಂಡೇಲ,
ಸೀರೆ ಮೊಣಕಾಲಿಗೆ ಸಿಕ್ಕಿಸುತ್ತ.
ಚಪ್ಪಲಿ ಬಿಟ್ಟೆ. ಹೆಗಲು ಕೊಟ್ಟೆ.

ಕರಿಹಲಗೆಯ ಮೇಲೆ ದೋಣಿಯೆಂದರೆ ಒಂದು ಚೌಕ.
ಕೆಳಗೊಂದು ಬಾಣ, ಮೇಲೊಂದು ಬಾಣ,
ಎರಡೂ ಸಮ, ಆದ್ದರಿಂದ ಚೌಕ ಸುಮ್ಮನಿದೆ,
ಎರಡು ಅಂಕ.
ಇಲ್ಲಿ ಚೌಕಕ್ಕೆ ಡಾಂಬರಿನ ವಾಸನೆ,
ತಳಕ್ಕೆ ಕಚ್ಚಿದ ಚಿಪ್ಪು ನನ್ನ ರವಿಕೆ ಹರಿಯಿತು.
ಕೆಳಗಿನ ಬಾಣ ಎಲ್ಲರಿಗೂ ಗೊತ್ತು, ಎಡವಿದ ಮಗುವಿಗೂ.
ಮೇಲಿನದು ಅಂದೇ ಕಂಡದ್ದು:
ಮರಳು ತುಸು ಕುಸಿದು, ಮತ್ತೆ ತುಸು ಕುಸಿದು,
ಇನ್ನು ಬಿಡೆ ಎಂದು ತಡೆದು ನಿಂತ ಜಾಗದಲ್ಲಿ.
ಲಂಬಬಲ ಎಂದು ಹನ್ನೊಂದು ವರ್ಷ ಬರೆಸಿದ್ದೇನೆ.
ನೆಲ ಸುಮ್ಮನೆ ಬಿದ್ದುಕೊಂಡಿದೆ ಅಂತಲೇ
ಒಳಗೊಳಗೆ ನಂಬಿದ್ದೆ.

"ನೀರಿಗೆ ಇದು ಎಲೆ, ನಮಗೆ ಆನೆ"
ರುಕ್ಮಾ ಉಗುಳಿ ಅಂದಳು.
ತೇಲುವ ನಿಯಮ ಹೇಳಲು ಬಾಯಿ ತೆರೆದೆ;
ಅವಳು ಆಗಲೇ ಹೇಳಿ ಆಗಿತ್ತು.

ಹೈಸಾ!
ಕದಲಲಿಲ್ಲ.
ಹೈಸಾ!
ಎಷ್ಟು ನೂಕಿದರೆ ಅಷ್ಟೇ ಜವಾಬು,
ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ,
ಬಾಕಿ ಉಳಿಸಿಕೊಳ್ಳದ ಹಟಮಾರಿ ಆ ಘರ್ಷಣೆ.
ಸ್ಥಾನಪಲ್ಲಟವಿಲ್ಲ, ಆದ್ದರಿಂದ ಮಾಡಿದ ಕೆಲಸ ಸೊನ್ನೆ:
ಪುಟ ತೊಂಬತ್ತೆರಡು.
ನನ್ನ ಹೆಗಲೆಲುಬು ಒಪ್ಪಲಿಲ್ಲ.

ಅಡಿಗೆ ದಿಮ್ಮಿ ಕೊಟ್ಟರು, ದಿಮ್ಮಿಗೆ ತಾರ್ಲೆ ಎಣ್ಣೆ.
ಯಾವನೋ ಡಬ್ಬಿ ಎಡವಿದ,
ಎಣ್ಣೆ ನಮ್ಮ ಕಾಲಡಿಯ ಹಲಗೆಗೂ ಹರಿಯಿತು.
ನೂಕಿದವರು ನಾಲ್ವರು ನಿಂತಲ್ಲೇ ಜಾರಿ ಬಿದ್ದರು,
ದೋಣಿ ಇದ್ದಲ್ಲೇ ಇತ್ತು.
ನಗು, ಬೈಗುಳ, ಮತ್ತೆ ನಗು.
ಹಲಗೆಗೆ ಮರಳು ಎರಚುತ್ತ ರುಕ್ಮಾ ಗೊಣಗಿದಳು:
"ಅಲ್ಲಿ ಜಾರ್ಲಿ ತಾಯೆ, ಇಲ್ಲಿ ಹಿಡೀಲಿ."
ಇದಕ್ಕಿಂತ ಸರಿಯಾದ ಪಾಠ
ನನ್ನ ಟಿಪ್ಪಣಿಯಲ್ಲಿಲ್ಲ.

ಮುಂದಿನಿಂದ ಹಗ್ಗ ಕಟ್ಟಿದರು.
ಹಗ್ಗಕ್ಕೆ ನೂಕಲು ಬಾರದು, ಎಳೆಯುವುದೊಂದೇ ವಿದ್ಯೆ.
ಅದರ ಆ ತುದಿಗೆ ಸುಬ್ರಾಯ ಬಾನಾವಳಿ,
ಈ ತುದಿಗೆ ಅವನ ತಮ್ಮ ಗುಣಾಜಿ.
ಬೇಲಿಯ ಮೂರು ಮೊಳಕ್ಕಾಗಿ ಕಾರವಾರ ಕೋರ್ಟಿನಲ್ಲಿ
ಆರು ವರ್ಷದಿಂದ ಮಾತಿಲ್ಲ.
ಅವತ್ತೂ ಮಾತಾಡಲಿಲ್ಲ.
ಬಿಗಿದ ಹಗ್ಗದಲ್ಲಿ ಸೆಳೆತ
ಆ ತುದಿಯಿಂದ ಈ ತುದಿಗೆ ಒಂದೇ.

ಆಗ ಓಡಿಬಂದ ಗುಣಾಜಿಯ ಮಗ ರೋಹಿದಾಸ,
ಒಂಬತ್ತನೇ ಇಯತ್ತೆ, ಮೂರನೇ ಬೆಂಚು,
ಶಾಲೆಯ ಸ್ಪ್ರಿಂಗ್ ತಕ್ಕಡಿ ಕೈಯಲ್ಲಿ.
"ಅಕ್ಕೋರೆ, ಎಷ್ಟು ಬಲ ಅಂತ ಅಳೆಯೋಣ?"
ಐದು ಕೇಜಿಯ ತಕ್ಕಡಿ ಅದು.
ಬೇಡ ಅನ್ನಬೇಕಿತ್ತು.
ಅನ್ನಲಿಲ್ಲ.
ಹಗ್ಗಕ್ಕೂ ದೋಣಿಯ ಬಳೆಗೂ ನಡುವೆ ಸಿಕ್ಕಿಸಿದ.
ಹೈಸಾ!
ಮುಳ್ಳು ಒಂದೇ ಉಸಿರಿಗೆ ಕೊನೆಗೆ ಹೋಗಿ ಬಡಿಯಿತು,
ಕೊಕ್ಕೆ ನೆಟ್ಟಗಾಗಿ ಹಾರಿ ಮರಳಲ್ಲಿ ಹೂತಿತು,
ಹದಿನಾರು ಮಂದಿ ನನ್ನನ್ನು ನೋಡಿದರು.

ಹಗ್ಗ ಮತ್ತೆ ಕಟ್ಟಿದೆವು. ಎಷ್ಟನೆಯದೋ ಹೈಸಾಕ್ಕೆ
ದೋಣಿ ಬೆರಳಷ್ಟು ಕದಲಿತು.
ಕದಲಿದ ಮೇಲೆ ಸುಲಭ. ಇದು ಪುಸ್ತಕದಲ್ಲೂ ಇದೆ,
ಪುಸ್ತಕವನ್ನು ನಾನು ಕ್ಷಮಿಸಿದೆ.

ತಕ್ಕಡಿ ಈಗ ಪ್ರಯೋಗಶಾಲೆಯ ಮೊಳೆಗೆ ತೂಗುತ್ತಿದೆ.
ಕೊಕ್ಕೆಯನ್ನು ಇಕ್ಕಳದಿಂದ ಬಗ್ಗಿಸಿದ್ದೇನೆ.
ಏನೂ ತೂಗಿ ಹಾಕದಿದ್ದರೂ
ಮುಳ್ಳು ನಾನೂರು ಗ್ರಾಮಿನಲ್ಲಿ ನಿಂತಿದೆ.
ಸ್ಥಿತಿಸ್ಥಾಪಕ ಮಿತಿ ಮೀರಿದ್ದು, ಹಿಂದಿರುಗುವುದಿಲ್ಲ.
ದಾಸ್ತಾನು ವಹಿಯಲ್ಲಿ ಹೆಡ್‌ಮಾಸ್ತರರು
ಕೆಂಪು ಶಾಯಿಯಲ್ಲಿ 'ಕೆಟ್ಟಿದೆ' ಎಂದು ಬರೆದರು,
ಬೆಲೆ ನನ್ನ ಪಗಾರದಲ್ಲಿ ಮುರಿದರು.

ಹೊಸ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ:
ಏನೂ ಇಲ್ಲದೆ ಇದು ಏನನ್ನು ತೂಗುತ್ತಿದೆ?
ನಾನೂರು ಕಳೆದು ಬರೆಯಿರಿ, ಅನ್ನುತ್ತೇನೆ.